ಹನಿಗೂಡಿದರೆ ಹಳ್ಳ: ಆದರೆ ಯಾವ ಹನಿ?

'ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಭೂಮಿಯ ಸಂಪತ್ತನ್ನು ಮುಂದಿನ ಪೀಳಿಗೆಗೂ ಉಳಿಸಬೇಕೆಂದು ಉಪದೇಶಿಸುವವರೆಲ್ಲರೂ ಇಂದು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಿರುವುದು ಈ ಗಾದೆಯನ್ನೇ. ದೀಪ ಆರಿಸಿರಿ, ನಲ್ಲಿ ತಿರುಗಿಸಿರಿ, ಬಟ್ಟೆಯ ಚೀಲ ಹಿಡಿದು ಪೇಟೆಗೆ ಹೋಗಿರಿ, ಕಾಗದದ ಎರಡು ಮಗ್ಗುಲಲ್ಲಿಯೂ ಬರೆಯಿರಿ. ಒಬ್ಬೊಬ್ಬರ ಸಣ್ಣ ಕೆಲಸವೂ ಸೇರಿ ಲೋಕ ಉದ್ಧಾರವಾಗುತ್ತದೆ ಎಂಬುದು ಈ ಉಪದೇಶದ ಸಾರ. 2022ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಆರಂಭಿಸಿದ 'ಮಿಷನ್ ಲೈಫ್' ಎಂಬ ಆಂದೋಲನವು ಪ್ರಜೆಗಳು ದಿನನಿತ್ಯದಲ್ಲಿ ಮಾಡಬಹುದಾದ 75 ಕಾರ್ಯಗಳನ್ನು ಹೆಸರಿಸಿದೆ. ಜೂನ್ 5ರಂದು ಶಾಲಾ ಕಾಲೇಜುಗಳ ಗೋಡೆಗಳ ಮೇಲೆ ಇಂಥ ಪಟ್ಟಿಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳು ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುತ್ತಾರೆ.

ಈ ಉತ್ಸಾಹವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಭೌತವಿಜ್ಞಾನವನ್ನು ಬೋಧಿಸುವವನಾಗಿ ಒಂದು ಆಕ್ಷೇಪವನ್ನು ಎತ್ತದಿರಲಾರೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ಎಲ್ಲ ಕೆಲಸಗಳೂ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಒಂದರ ಮುಂದೆಯೂ ತೂಕವನ್ನು ನಮೂದಿಸಿರುವುದಿಲ್ಲ. ಹನಿಗೂಡಿ ಹಳ್ಳವಾಗುವುದು ದಿಟವೇ. ಆದರೆ ಮಂಜಿನ ಹನಿಗೂ ಆಶ್ಲೇಷಾ ಮಳೆಯ ಹನಿಗೂ ವ್ಯತ್ಯಾಸವುಂಟು. ಮಂಜಿನ ಹನಿಯನ್ನು ಕೂಡಿಸಿ ಹಳ್ಳ ಹರಿಸಿದವರನ್ನು ಯಾರೂ ಕಂಡಿಲ್ಲ.

ತೂಗದೆ ಮಾಡಿದ ಕೆಲಸದಿಂದ ಎರಡು ಬಗೆಯ ಕೇಡು ಸಂಭವಿಸುತ್ತದೆ. ಹಗುರವಾದ ನಾಲ್ಕು ಕೆಲಸಗಳನ್ನು ಮಾಡಿದವನು ತನ್ನ ಪಾಲಿನ ಕರ್ತವ್ಯ ಮುಗಿಯಿತೆಂದು ತೃಪ್ತನಾಗಿ, ಭಾರವಾದ ಕೆಲಸದ ಗೊಡವೆಗೇ ಹೋಗುವುದಿಲ್ಲ. ಮತ್ತೊಬ್ಬನು, 'ಇದರಿಂದೆಲ್ಲ ಏನಾದೀತು? ದೊಡ್ಡ ದೊಡ್ಡ ಕಾರ್ಖಾನೆಗಳು ಹೊಗೆ ಕಾರುತ್ತಿರುವಾಗ ನಾನೊಬ್ಬ ದೀಪ ಆರಿಸಿದರೆ ಫಲವೇನು?' ಎಂದು ಕೈಕಟ್ಟಿ ಕುಳಿತುಬಿಡುತ್ತಾನೆ. ಮೊದಲನೆಯವನದು ಭಕ್ತಿ, ಎರಡನೆಯವನದು ನಿರಾಶೆ. ಇಬ್ಬರೂ ಅಳೆದು ನೋಡಿಲ್ಲವೆಂಬುದು ಮಾತ್ರ ಸಮಾನ. ಸಣ್ಣ ಕೆಲಸಗಳನ್ನು ಉಪದೇಶಿಸುವ ಮೊದಲು ಅವುಗಳನ್ನು ತೂಗುವುದನ್ನು ನಾವು ಕಲಿಸಬೇಕು ಎಂಬುದೇ ಈ ಲೇಖನದ ಅಭಿಮತ.

ತಕ್ಕಡಿ ಯಾವುದು?

ತೂಗಲು ತಕ್ಕಡಿಯೊಂದು ಬೇಕಷ್ಟೆ. ಅದು ಪ್ರತಿ ಮನೆಯ ಜಗುಲಿಯ ಗೋಡೆಯ ಮೇಲೆಯೇ ಇದೆ. ವಿದ್ಯುತ್ ಮೀಟರು ಎಣಿಸುವ 'ಯೂನಿಟ್' ಎಂದರೆ 1000 ವಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆಯ ಕಾಲ ಕೆಲಸಮಾಡಿದಾಗ ವೆಚ್ಚವಾಗುವ ಶಕ್ತಿ. ಇದನ್ನೇ ಶಾಖದ ರೂಪದಲ್ಲಿ ಹೇಳುವುದಾದರೆ ಸುಮಾರು 860 ಕಿಲೊಕ್ಯಾಲೊರಿ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೊಕ್ಯಾಲೊರಿ ಬೇಕು ಎಂಬುದನ್ನು ವಾಚಕರು ಶಾಲೆಯಲ್ಲಿ ಓದಿದ್ದಾರೆ.

ಈ ಒಂದು ಕಿಲೊಕ್ಯಾಲೊರಿ ಎಷ್ಟು ಭಾರಿಯಾದ ಮೊತ್ತವೆಂಬುದು ಮಾತ್ರ ನಮ್ಮ ಅರಿವಿಗೆ ಸುಲಭವಾಗಿ ಬರುವುದಿಲ್ಲ. ಇಂಗ್ಲೆಂಡಿನ ಜೇಮ್ಸ್ ಜೂಲ್ ಎಂಬ ವಿಜ್ಞಾನಿಯು 1840ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ಶಾಖಕ್ಕೂ ಯಾಂತ್ರಿಕ ಕೆಲಸಕ್ಕೂ ಇರುವ ಸಂಬಂಧ ನಿಶ್ಚಿತವಾಯಿತು. ಇಂದಿನ ಅಳತೆಯ ಪ್ರಕಾರ, ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡುವ ಶಕ್ತಿಯಿಂದ ಅದೇ ನೀರನ್ನು ಸುಮಾರು 427 ಮೀಟರ್ ಎತ್ತರಕ್ಕೆ ಎತ್ತಬಹುದು! ಜೋಗದ ರಾಜಾ ಜಲಪಾತದ ಎತ್ತರ 253 ಮೀಟರ್. ಅಷ್ಟು ಆರ್ಭಟದಿಂದ ಧುಮುಕಿದ ನೀರು ತನ್ನ ರಭಸವನ್ನೆಲ್ಲ ತಳದಲ್ಲಿ ಶಾಖವಾಗಿ ಮಾರ್ಪಡಿಸಿಕೊಂಡರೂ, ಅದರ ಉಷ್ಣತೆ ಏರುವುದು ಕೇವಲ 0.6 ಡಿಗ್ರಿಯಷ್ಟು.

ಸ್ನಾನಕ್ಕೆಂದು ಒಂದು ಬಕೆಟ್ಟು, ಅಂದರೆ 20 ಲೀಟರ್ ನೀರನ್ನು 24 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸುತ್ತೇವೆಂದು ಇಟ್ಟುಕೊಳ್ಳೋಣ. ಏರಿಕೆ 18 ಡಿಗ್ರಿ; ಬೇಕಾದ ಶಾಖ 360 ಕಿಲೊಕ್ಯಾಲೊರಿ, ಅಂದರೆ ಸುಮಾರು 0.42 ಯೂನಿಟ್. ಇಷ್ಟೇ ಶಕ್ತಿಯಿಂದ ಆ ಬಕೆಟ್ಟನ್ನು 7,600 ಮೀಟರಿಗೂ ಮೇಲೆ ಒಯ್ಯಬಹುದಾಗಿತ್ತು. ಎವರೆಸ್ಟ್ ಶಿಖರದ ತುದಿಗೆ ಇನ್ನು ಸ್ವಲ್ಪವೇ ದೂರ! ಬಾವಿಯಿಂದ ನೀರು ಸೇದಿ ಮಹಡಿಗೆ ಹೊತ್ತವನ ತೋಳು ನೋಯುತ್ತದೆ. ಆದ್ದರಿಂದ ಆ ಕೆಲಸದ ತೂಕ ಅವನಿಗೆ ಗೊತ್ತು. ಗೀಸರಿನ ಸ್ವಿಚ್ಚು ಒತ್ತಿದವನ ಬೆರಳಿಗೆ ನೋವಿಲ್ಲ. ನಮ್ಮ ದೇಹವು ಭಾರವನ್ನು ಅಳೆಯಬಲ್ಲುದೇ ಹೊರತು ಶಾಖದ ವೆಚ್ಚವನ್ನು ಅಳೆಯಲಾರದು. ಇಲ್ಲಿಯೇ ವಿಜ್ಞಾನದ ನೆರವು ಬೇಕಾಗುವುದು.

ಹಗುರವಾದ ಹನಿಗಳು

ಈ ತಕ್ಕಡಿಯಲ್ಲಿ ಜನಪ್ರಿಯವಾದ ಒಂದೆರಡು ಉಪದೇಶಗಳನ್ನು ಇಟ್ಟು ನೋಡೋಣ. ಮೊಬೈಲ್ ಫೋನಿನ ಚಾರ್ಜರನ್ನು ಗೋಡೆಯ ಪ್ಲಗ್ಗಿನಲ್ಲಿಯೇ ಬಿಡಬಾರದು ಎಂಬುದು ಅವುಗಳಲ್ಲೊಂದು. ಫೋನು ಸೇರಿಸದೆ ಸುಮ್ಮನೆ ಬಿಟ್ಟಿರುವ ಇಂದಿನ ಚಾರ್ಜರು ಸೆಳೆಯುವುದು ವಾಟಿನ ಒಂದು ಅಂಶವನ್ನು ಮಾತ್ರ, 0.2 ವಾಟ್ ಎಂದು ಹಿಡಿಯೋಣ. ಹಗಲಿರುಳೂ ವರ್ಷವಿಡೀ ಹಾಗೆಯೇ ಬಿಟ್ಟರೆ ಆಗುವ ವೆಚ್ಚ 1.75 ಯೂನಿಟ್. ನಾಲ್ಕು ಮಂದಿಯ ಸಂಸಾರವು ಒಂದು ದಿನ ಬೆಳಗ್ಗೆ ಬಿಸಿನೀರಿನ ಸ್ನಾನಕ್ಕೆ ವ್ಯಯಿಸುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಒಂದು ವರ್ಷದ ವ್ರತ ಒಂದು ದಿನದ ಬಚ್ಚಲಿಗೆ ಸಮವಾಯಿತು!

ಆಸ್ಟ್ರೇಲಿಯದ ಸಿಡ್ನಿಯಲ್ಲಿ 2007ರಲ್ಲಿ ಆರಂಭವಾಗಿ ಲೋಕವನ್ನೆಲ್ಲ ವ್ಯಾಪಿಸಿದ 'ಅರ್ಥ್ ಅವರ್' ಆಚರಣೆಯನ್ನು ತೆಗೆದುಕೊಳ್ಳಿರಿ. ವರ್ಷಕ್ಕೊಮ್ಮೆ ಒಂದು ಗಂಟೆಯ ಕಾಲ ದೀಪಗಳನ್ನು ಆರಿಸುವುದು ಇದರ ಕ್ರಮ. ಮನೆಯೊಂದರಲ್ಲಿ 9 ವಾಟಿನ ಐದು ಎಲ್‌ಇಡಿ ದೀಪಗಳಿದ್ದರೆ ಉಳಿತಾಯ 45 ವಾಟ್-ಗಂಟೆ. ಅದರ ಬದಲು ಒಬ್ಬರು ಒಂದು ದಿನ ಸ್ನಾನದ ನೀರನ್ನು ಎರಡು ಡಿಗ್ರಿ ಕಡಿಮೆ ಕಾಯಿಸಿದ್ದರೂ ಅಷ್ಟೇ ಉಳಿಯುತ್ತಿತ್ತು. ಚರ್ಮಕ್ಕೆ ಆ ವ್ಯತ್ಯಾಸ ತಿಳಿಯುವುದೂ ಕಷ್ಟ.

ಹಾಗೆಂದು ಚಾರ್ಜರನ್ನು ಬಿಟ್ಟಿರಿ, ದೀಪ ಉರಿಸಿರಿ ಎಂದು ನಾನು ಹೇಳುತ್ತಿಲ್ಲ. ಅನವಶ್ಯಕವಾದುದನ್ನು ಆರಿಸುವುದು ಒಳ್ಳೆಯ ಅಭ್ಯಾಸ. ದೀಪ ಆರಿಸುವ ಗಂಟೆಗೆ ಸಾಂಕೇತಿಕ ಬೆಲೆಯೂ ಉಂಟು. ಆದರೆ ಸಂಕೇತವನ್ನೇ ಸಾಧನೆಯೆಂದು ಭ್ರಮಿಸಬಾರದು. ಕೇಂಬ್ರಿಜಿನ ಭೌತವಿಜ್ಞಾನಿ ಡೇವಿಡ್ ಮೆಕೇ ಅವರು ಇಂಗ್ಲೆಂಡಿನ ಮನೆಗಳ ಲೆಕ್ಕವನ್ನು ಇದೇ ರೀತಿ ಬಿಡಿಸಿಟ್ಟು, ಚಾರ್ಜರಿನ ವ್ರತವು ಎಷ್ಟು ಹಗುರವೆಂಬುದನ್ನು 2008ರಷ್ಟು ಹಿಂದೆಯೇ ತೋರಿಸಿದ್ದರು. ಅಲ್ಲಿ ಮನೆಯನ್ನು ಬೆಚ್ಚಗಿಡುವುದೇ ಭಾರವಾದ ಹನಿ. ನಮ್ಮ ನಾಡಿನಲ್ಲಿ ಭಾರವಾದ ಹನಿಗಳು ಬೇರೆ ಎಡೆಯಲ್ಲಿವೆ.

ಬಚ್ಚಲುಮನೆ

ಮೇಲೆ ಹೇಳಿದ ನಾಲ್ಕು ಮಂದಿಯ ಸಂಸಾರ ತಿಂಗಳಿಗೆ 50 ಯೂನಿಟ್ಟಿನಷ್ಟು ವಿದ್ಯುತ್ತನ್ನು ಬಿಸಿನೀರಿಗಾಗಿಯೇ ಖರ್ಚುಮಾಡುತ್ತದೆ. ಇದು ಬಕೆಟ್ಟಿನ ಲೆಕ್ಕ. ತಲೆಯ ಮೇಲೆ ಸುರಿಯುವ ಷವರಿನ ಕೆಳಗೆ ನಿಮಿಷಕ್ಕೆ 8 ಲೀಟರಿನಂತೆ ಕಾಲು ಗಂಟೆ ನಿಂತರೆ 120 ಲೀಟರ್, ಅಂದರೆ ಆರು ಬಕೆಟ್ಟು ನೀರು ಹರಿದುಹೋಗಿರುತ್ತದೆ. ಬಕೆಟ್ಟು ಮತ್ತು ಚೊಂಬನ್ನು ಹಳೆಯ ಕಾಲದ ವಸ್ತುಗಳೆಂದು ಹೀಗಳೆಯುವವರು ಈ ಅಂಕೆಯನ್ನು ಗಮನಿಸಬೇಕು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ನೀರನ್ನು 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸುವುದರಿಂದಲೇ ಶಕ್ತಿ ನಷ್ಟವಾಗುವುದೆಂದು ಕೆಲವರು ತಿಳಿದಿದ್ದಾರೆ. ಬೆರೆಸುವುದರಿಂದ ನಷ್ಟವಿಲ್ಲ, ಶಾಖ ಎಲ್ಲಿಗೂ ಹೋಗುವುದಿಲ್ಲ. ನಷ್ಟವಾಗುವುದು ಕಾಯ್ದ ನೀರು ಗೀಸರಿನ ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಂತು ಆರುತ್ತ, ಮತ್ತೆ ಮತ್ತೆ ಕಾಯುತ್ತ ಇರುವಾಗ. ಆದಕಾರಣ ಮನೆಯವರೆಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಸ್ವಿಚ್ಚನ್ನು ಆರಿಸುವುದು ಲೇಸು.

ಆದರೆ ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದುಂಟು. ಕಲ್ಲಿದ್ದಲನ್ನು ಉರಿಸುವ ವಿದ್ಯುತ್ ಸ್ಥಾವರದಲ್ಲಿ ಮೂರು ಪಾಲು ಶಾಖವನ್ನು ವ್ಯಯಿಸಿದರೆ ಹೆಚ್ಚುಕಡಿಮೆ ಒಂದು ಪಾಲು ವಿದ್ಯುತ್ತು ದೊರೆಯುತ್ತದೆ. ಉಳಿದೆರಡು ಪಾಲು ಗಾಳಿಗೂ ನೀರಿಗೂ ಸೇರಿಹೋಗುತ್ತದೆ. ಇದು ಎಂಜಿನಿಯರರ ಅಜಾಗ್ರತೆಯಲ್ಲ. ಉಷ್ಣಯಂತ್ರಗಳಿಗೆ ಪ್ರಕೃತಿಯೇ ವಿಧಿಸಿರುವ ಕಟ್ಟಳೆ. ಇಷ್ಟು ದುಬಾರಿಯಾಗಿ ಪಡೆದ ವಿದ್ಯುತ್ತನ್ನು ನೂರಾರು ಮೈಲಿ ಸಾಗಿಸಿ, ಬಚ್ಚಲಿನಲ್ಲಿ ಮತ್ತೆ ಶಾಖವನ್ನಾಗಿ, ಅದೂ ಬರಿಯ 42 ಡಿಗ್ರಿಯ ಶಾಖವನ್ನಾಗಿ ಮಾಡುವುದೆಂದರೆ ಗಂಧದ ಕೊರಡಿನಿಂದ ಹಂಡೆಗೆ ಉರಿ ಹಾಕಿದಂತೆಯೇ ಸರಿ. ನಮ್ಮ ದೇಶದಲ್ಲಿ ಸರಾಸರಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ. ಪಾವಗಡದಲ್ಲಿ 2050 ಮೆಗಾವಾಟಿನ ಸೌರಸ್ಥಾವರವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಆದರೆ ನಾವು ಗೀಸರು ಹಚ್ಚುವುದು ಬೆಳಗಿನ ಆರು ಗಂಟೆಗೆ. ಸೂರ್ಯ ಇನ್ನೂ ಮೇಲೇರಿರುವುದಿಲ್ಲ. ಮಾಳಿಗೆಯ ಮೇಲಿನ ಸೌರ ಬಿಸಿನೀರಿನ ತೊಟ್ಟಿಯಾದರೋ ಹಿಂದಿನ ದಿನದ ಬಿಸಿಲನ್ನು ಶಾಖವಾಗಿಯೇ ಕಾಪಾಡಿ ಬೆಳಗ್ಗೆ ಒದಗಿಸುತ್ತದೆ. ಬೆಂಗಳೂರಿನ ಮಾಳಿಗೆಗಳ ಮೇಲೆ ಇವು ಹೇರಳವಾಗಿ ಕಾಣಸಿಗುತ್ತವೆ. ಸ್ವಂತ ಮನೆಯುಳ್ಳವರು ಮಾಡಬಹುದಾದ ಭಾರವಾದ ಕೆಲಸಗಳಲ್ಲಿ ಇದಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು.

ಅಡಿಗೆಮನೆ

ಅಡಿಗೆಮನೆಯಲ್ಲಿ ಗಮನಿಸಬೇಕಾದ ಮುಖ್ಯ ತತ್ತ್ವ ಒಂದೇ: ನೀರು ಕುದಿಯತೊಡಗಿದ ಮೇಲೆ ಅದರ ಉಷ್ಣತೆ ಏರುವುದಿಲ್ಲ. ಸಮುದ್ರಮಟ್ಟದಲ್ಲಿ 100 ಡಿಗ್ರಿ; 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ; ಅಲ್ಲಿಗೆ ನಿಂತಿತು. ಉರಿಯನ್ನು ಎಷ್ಟೇ ದೊಡ್ಡದು ಮಾಡಿದರೂ ಅನ್ನ ಬೇಗ ಬೇಯುವುದಿಲ್ಲ. ನೀರು ಬೇಗ ಆವಿಯಾಗುತ್ತದೆ, ಅಷ್ಟೆ. ಮಳಮಳನೆ ಕುದಿಯುವ ಪಾತ್ರೆಯೂ ಮೆಲ್ಲನೆ ಕುದಿಯುವ ಪಾತ್ರೆಯೂ ಬೇಳೆಯನ್ನು ಬೇಯಿಸುವುದು ಒಂದೇ ಉಷ್ಣತೆಯಲ್ಲಿ.

ಆದರೆ ಆ ಆವಿಯ ಬೆಲೆ ಅಲ್ಪವೆಂದು ತಿಳಿಯಬಾರದು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು 75 ಕಿಲೊಕ್ಯಾಲೊರಿ ಸಾಕು. ಅದೇ ನೀರನ್ನು ಪೂರ್ತಿಯಾಗಿ ಆವಿಮಾಡಲು ಮತ್ತೆ 540 ಕಿಲೊಕ್ಯಾಲೊರಿ ಬೇಕು. ಇದನ್ನೇ ಗುಪ್ತೋಷ್ಣ ಎನ್ನುತ್ತೇವೆ. ಏಳು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲ ಶಾಖವು ಒಂದೇ ಲೀಟರಿನ ಆವಿಯೊಡನೆ ಕಿಟಕಿಯಿಂದಾಚೆಗೆ ಹೊರಟುಹೋಗುತ್ತದೆ.

ಇದನ್ನು ಅಡಿಗೆ ಅನಿಲದ ಲೆಕ್ಕಕ್ಕೆ ತಿರುಗಿಸೋಣ. ಒಂದು ಕಿಲೋಗ್ರಾಂ ಅನಿಲ ಉರಿದಾಗ ಸುಮಾರು 11,000 ಕಿಲೊಕ್ಯಾಲೊರಿ ಶಾಖ ಹುಟ್ಟುತ್ತದೆ. ಅದರಲ್ಲಿ ಪಾತ್ರೆಗೆ ದಕ್ಕುವುದು ಶೇಕಡ 60 ಎಂದು ಇಟ್ಟುಕೊಳ್ಳೋಣ. ಮುಚ್ಚಳವಿಲ್ಲದ ಪಾತ್ರೆಯಿಂದಲೂ ಅನವಶ್ಯಕವಾದ ದೊಡ್ಡ ಉರಿಯಿಂದಲೂ ದಿನಕ್ಕೆ ಒಂದು ಲೀಟರ್ ನೀರು ವ್ಯರ್ಥವಾಗಿ ಆವಿಯಾದರೆ ದಿನಕ್ಕೆ 80 ಗ್ರಾಂ ಅನಿಲ ಹಾಳು. ವರ್ಷಕ್ಕೆ ಸುಮಾರು 30 ಕಿಲೋಗ್ರಾಂ, ಎಂದರೆ 14.2 ಕಿಲೋಗ್ರಾಂ ತೂಗುವ ಎರಡು ಸಿಲಿಂಡರು! ನಮ್ಮ ದೇಶವು ತಾನು ಬಳಸುವ ಅಡಿಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಪಾತ್ರೆಯ ಮೇಲಿನ ಒಂದು ತಟ್ಟೆ ಇಷ್ಟೆಲ್ಲವನ್ನೂ ತಡೆಯಬಲ್ಲುದು. ಪಾಯಸವನ್ನು ಗಟ್ಟಿಮಾಡುವಾಗಲೋ ಬೆಲ್ಲದ ಪಾಕ ತೆಗೆಯುವಾಗಲೋ ಆವಿಯಾಗುವುದೇ ಉದ್ದೇಶವಾಗಿರುತ್ತದೆ. ಆ ಮಾತು ಬೇರೆ.

ಫ್ರಾನ್ಸಿನ ಡೆನಿಸ್ ಪಪೆಂ 1679ರಲ್ಲಿ ರೂಪಿಸಿದ ಯಂತ್ರದ ವಂಶಜವಾದ ಪ್ರೆಷರ್ ಕುಕ್ಕರು ಈ ಕಟ್ಟಳೆಯನ್ನು ಜಾಣತನದಿಂದ ದಾಟುತ್ತದೆ. ಹಬೆಯನ್ನು ಒಳಗೇ ಕೂಡಿಹಾಕಿ ಒತ್ತಡವನ್ನು ಏರಿಸಿದರೆ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಬೇಳೆ ಬೇಗ ಬೇಯುತ್ತದೆ. ಆದರೆ ನಮ್ಮಲ್ಲಿ ಕುಕ್ಕರಿನ ಅಡಿಗೆಯನ್ನು ಕೂಗಿನಿಂದ ಎಣಿಸುವ ರೂಢಿ ಬೆಳೆದಿದೆ. ಬೇಳೆಗೆ ನಾಲ್ಕು ಕೂಗು, ಕಡಲೆಗೆ ಎಂಟು ಕೂಗು ಎಂದು ಲೆಕ್ಕ. ಕೂಗಿನಿಂದ ಯಾವ ಕಾಳೂ ಬೇಯುವುದಿಲ್ಲ. ಬೇಯಿಸುವುದು ಉಷ್ಣತೆ ಮತ್ತು ಕಾಲ. ಕೂಗು ಎಂದರೆ ಹೆಚ್ಚಾದ ಹಬೆ ಗುಪ್ತೋಷ್ಣವನ್ನು ಹೊತ್ತು ಹೊರಗೋಡುತ್ತಿರುವ ಸದ್ದು. ಮೊದಲನೆಯ ಕೂಗು ಕೇಳಿದೊಡನೆ ಉರಿಯನ್ನು ತೀರ ಸಣ್ಣದು ಮಾಡಿ, ಗಡಿಯಾರ ನೋಡಿ ನಿಮಿಷಗಳನ್ನು ಎಣಿಸಿದರೆ ಅಡಿಗೆಯೂ ಆಗುತ್ತದೆ, ಅನಿಲವೂ ಉಳಿಯುತ್ತದೆ. ರಾತ್ರಿಯೇ ಕಾಳು ನೆನೆಹಾಕುವ ನಮ್ಮ ಅಜ್ಜಿಯರ ಪದ್ಧತಿಯೂ ವಿಜ್ಞಾನಸಮ್ಮತವಾದುದೇ. ಕಾಳಿನ ಒಡಲಿಗೆ ನೀರು ಇಳಿಯಲು ಹಿಡಿಯುವ ಹೊತ್ತನ್ನು ಉರಿಯ ಮೇಲೆ ಕಳೆಯದೆ ತಣ್ಣಗಿರುವಾಗಲೇ ಕಳೆದಂತಾಗುತ್ತದೆ.

ಮುಚ್ಚಳ, ಸಣ್ಣ ಉರಿ, ನೆನೆಹಾಕಿದ ಕಾಳು: ಇವು ಯಾವುದಕ್ಕೂ ಕಾಸಿನ ಖರ್ಚಿಲ್ಲ. ಭಿತ್ತಿಪತ್ರಗಳಲ್ಲಿ ಇವುಗಳಿಗೆ ಚಾರ್ಜರಿಗೆ ಸಿಕ್ಕಷ್ಟು ಸ್ಥಳವೂ ಸಿಗದಿರುವುದು ವಿಪರ್ಯಾಸವೇ ಸರಿ.

ನಲ್ಲಿಯಲ್ಲಿ ಹರಿಯುವ ವಿದ್ಯುತ್ತು

ಇನ್ನು ತಣ್ಣೀರಿನ ವಿಷಯ. ಊರೂರಿಗೂ ಲೆಕ್ಕ ಬೇರೆಯಾಗುವುದರಿಂದ ಬೆಂಗಳೂರೊಂದನ್ನೇ ತೆಗೆದುಕೊಳ್ಳುತ್ತೇನೆ. ಆ ನಗರದ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಸಾಗಿ, ಹಂತಹಂತವಾಗಿ ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಒಂದು ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು ಕನಿಷ್ಠಪಕ್ಷ 1.36 ವಾಟ್-ಗಂಟೆ ಬೇಕು. ಪಂಪಿನ ನಷ್ಟವನ್ನೂ ಕೊಳವೆಯ ಘರ್ಷಣೆಯನ್ನೂ ಸೇರಿಸಿದರೆ ಎರಡು ವಾಟ್-ಗಂಟೆ ಎಂದು ಹಿಡಿಯಬಹುದು. ಒಂದು ಬಕೆಟ್ಟು ತಣ್ಣೀರಿನಲ್ಲಿ 40 ವಾಟ್-ಗಂಟೆ ಅಡಗಿದೆಯೆಂದಾಯಿತು. 9 ವಾಟಿನ ದೀಪವೊಂದನ್ನು ನಾಲ್ಕು ಗಂಟೆಗೂ ಮೀರಿ ಬೆಳಗಿಸಲು ಇಷ್ಟು ಸಾಕು. ಸೆಕೆಂಡಿಗೊಂದರಂತೆ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ನೀರು ಹೋಗುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿಯೇ ನೋಡಿದರೂ, ಆ ನಲ್ಲಿಯದು ಸುಮ್ಮನೆ ಬಿಟ್ಟ ಚಾರ್ಜರಿಗಿಂತ ದೊಡ್ಡ ನಷ್ಟ!

ಕಾವೇರಿಯ ಕಥೆಯಲ್ಲಿ ಚಿಂತಿಸತಕ್ಕ ಸಂಗತಿ ಇನ್ನೊಂದಿದೆ. ತೊರೆಕಾಡನಹಳ್ಳಿಗೆ ಅನತಿದೂರದಲ್ಲಿಯೇ ಶಿವನಸಮುದ್ರವಿದೆ. ಅಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂದು ಬೀಳುವ ನದಿ ನಮಗೆ ಶಕ್ತಿಯನ್ನು ಕೊಟ್ಟಿತು. ಇಂದು ಅದೇ ನದಿಯನ್ನು ಎತ್ತಲು ನಾವು ಶಕ್ತಿಯನ್ನು ಕೊಡುತ್ತಿದ್ದೇವೆ. ಶಿವನಸಮುದ್ರದ ಇಳಿಜಾರು ಸುಮಾರು 100 ಮೀಟರ್. ಬೆಂಗಳೂರಿನ ಏರು ಅದರ ಐದು ಪಟ್ಟು. ನಷ್ಟಗಳನ್ನು ಲೆಕ್ಕಕ್ಕೆ ಹಿಡಿದರೆ, ಒಂದು ಲೀಟರ್ ನೀರು ಬೆಂಗಳೂರಿಗೆ ಏರಬೇಕಾದರೆ ಕಡಮೆಯೆಂದರೂ ಏಳು ಲೀಟರ್ ನೀರು ಶಿವನಸಮುದ್ರದಲ್ಲಿ ಬೀಳಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ಯೋಜನೆ ಉದ್ಘಾಟನೆಯಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಎತ್ತಲು ಏರ್ಪಾಡಾಗಿದೆ. ಕುಡಿಯುವ ನೀರು ಬೇಕೇ ಬೇಕು, ಅದನ್ನು ಪ್ರಶ್ನಿಸುವವರಿಲ್ಲ. ಆದರೆ ಅದೇ ನೀರಿನಿಂದ ಕಾರು ತೊಳೆಯುವಾಗ, ಮಳೆಗಾಲದಲ್ಲಿ ಮಾಳಿಗೆಯಿಂದ ಚರಂಡಿಗೆ ಇಳಿದುಹೋಗುವ ನೀರು ಯಾರೂ ಎತ್ತದೆ ಮೋಡವೇ ಎತ್ತಿ ತಂದುದು ಎಂಬುದನ್ನು ನೆನೆಯಬೇಕಲ್ಲವೆ?

ದೊಡ್ಡವರ ಪಾಲೇನು?

ಇಷ್ಟು ಓದಿದ ಮೇಲೆ ನಿರಾಶಾವಾದಿಯು ತನ್ನ ಪ್ರಶ್ನೆಯನ್ನು ಮತ್ತೆ ಎತ್ತಬಹುದು: ಮನೆಯವರಿಗೆ ಮುಚ್ಚಳದ ಪಾಠ ಹೇಳಿ, ಸರ್ಕಾರವನ್ನೂ ಕಾರ್ಖಾನೆಯನ್ನೂ ಹೊಣೆಯಿಂದ ಬಿಡಿಸಿದಂತಾಗಲಿಲ್ಲವೆ? ಈ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಸಿಮೆಂಟು, ಉಕ್ಕು, ಕಲ್ಲಿದ್ದಲು ಇವುಗಳ ಲೆಕ್ಕ ನಮ್ಮ ಅಡಿಗೆಮನೆಯಲ್ಲಿ ಇತ್ಯರ್ಥವಾಗುವುದಿಲ್ಲ. ಆದರೆ ಸಣ್ಣ ಕೆಲಸಕ್ಕೂ ದೊಡ್ಡ ನೀತಿಗೂ ವಿರೋಧವನ್ನು ಕಲ್ಪಿಸುವುದು ಸರಿಯಲ್ಲ. ಎಲ್‌ಇಡಿ ದೀಪದ ಇತಿಹಾಸವೇ ಇದಕ್ಕೆ ಸಾಕ್ಷಿ. ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ ಮತ್ತು ನಕಮುರ ಅವರಿಗೆ 2014ರ ನೊಬೆಲ್ ಬಹುಮಾನ ಬಂದಿತು. 2015ರ ಜನವರಿಯಲ್ಲಿ ಭಾರತ ಸರ್ಕಾರವು 'ಉಜಾಲಾ' ಯೋಜನೆಯನ್ನು ಆರಂಭಿಸಿ, ದೀಪಗಳನ್ನು ಸಗಟಾಗಿ ಕೊಂಡು ಅಗ್ಗದ ಬೆಲೆಗೆ 36 ಕೋಟಿಗೂ ಹೆಚ್ಚು ದೀಪಗಳನ್ನು ಹಂಚಿತು. 60 ವಾಟಿನ ತಂತಿದೀಪದ ಎಡೆಯಲ್ಲಿ 9 ವಾಟಿನ ದೀಪ ಬಂದಿತು. ಬಲ್ಬನ್ನು ಬದಲಿಸುವುದು ಸಣ್ಣ ಕೆಲಸವೇ. ಅದು ಭಾರವಾದ ಹನಿಯಾದುದು ಪ್ರಯೋಗಶಾಲೆ ಮತ್ತು ಸರ್ಕಾರ ಎರಡೂ ಹೆಗಲು ಕೊಟ್ಟದ್ದರಿಂದ. ಹಾಗೆಯೇ 2020ರ ಜನವರಿಯಿಂದ ಹೊಸ ಹವಾನಿಯಂತ್ರಕಗಳೆಲ್ಲವೂ ತಾವಾಗಿಯೇ 24 ಡಿಗ್ರಿಯಲ್ಲಿ ಆರಂಭವಾಗುವಂತೆ ನಿಯಮವಾಯಿತು. ಯಾರೂ ಪ್ರತಿಜ್ಞೆ ಮಾಡಬೇಕಾಗಲಿಲ್ಲ.

ಈ ದಾರಿಯನ್ನು ನಮ್ಮ ನಾಡಿನಲ್ಲಿಯೇ ಬಹು ಹಿಂದೆ ತೋರಿಸಿದವರು ಅಮೂಲ್ಯ ರೆಡ್ಡಿಯವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅವರು ಕಟ್ಟಿದ 'ಅಸ್ತ್ರ' ಕೇಂದ್ರವು ಕಡಮೆ ಸೌದೆಯಲ್ಲಿ ಹೆಚ್ಚು ಅಡಿಗೆಮಾಡುವ ಒಲೆಯನ್ನು ಹಳ್ಳಿಗಳಿಗೆ ನೀಡಿತು. ಜನರಿಗೆ ಬೇಕಾದುದು ಯೂನಿಟ್ಟುಗಳಲ್ಲ, ಬೆಂದ ಅನ್ನ, ಬೆಳಕು, ಬಿಸಿನೀರು. ಇವುಗಳನ್ನು ಎಷ್ಟು ಕಡಮೆ ಶಕ್ತಿಯಿಂದ ಒದಗಿಸಬಹುದೆಂದು ಮೊದಲು ಲೆಕ್ಕ ಹಾಕಬೇಕು ಎಂಬುದು ಅವರ ವಾದದ ತಿರುಳು. 1990ರ ಸುಮಾರಿಗೆ ಅವರೂ ಅವರ ಸಹೋದ್ಯೋಗಿಗಳೂ ಕರ್ನಾಟಕಕ್ಕಾಗಿ ಇಂಥ ವಿದ್ಯುತ್ ಯೋಜನೆಯೊಂದನ್ನು ಸಿದ್ಧಪಡಿಸಿ, ದಕ್ಷತೆಯನ್ನು ಹೆಚ್ಚಿಸುವುದೂ ಹೊಸ ಸ್ಥಾವರವನ್ನು ಕಟ್ಟಿದಷ್ಟೇ ಸಾಚಾ ಗಳಿಕೆಯೆಂದು ತೋರಿಸಿಕೊಟ್ಟರು.

ಈ ಸಂದರ್ಭದಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ನ್ಯಾಯದ ವಿಷಯ. ಸೌದೆಯ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಳ್ಳುವ ತಾಯಿಗೂ ಒಂದೇ ದೀಪದ ಗುಡಿಸಲಿಗೂ ಮಿತವ್ಯಯದ ಉಪದೇಶ ಸಲ್ಲದು. ಅವರಿಗೆ ಬೇಕಾದುದು ಹೆಚ್ಚಿನ ಶಕ್ತಿ. ಉಪದೇಶ ಸಲ್ಲುವುದು ಗೀಸರು, ಕಾರು, ಹವಾನಿಯಂತ್ರಕಗಳುಳ್ಳ ನಮ್ಮಂಥವರಿಗೆ. ಅಡಿಗೆಮನೆಯ ಮಾತನ್ನು ಗೃಹಿಣಿಯರಿಗೆ ಮಾತ್ರ ಹೇಳಿ ಗಂಡಸರು ಪತ್ರಿಕೆ ಓದುತ್ತ ಕುಳಿತುಕೊಳ್ಳುವುದೂ ಸಲ್ಲದು. ಕುಕ್ಕರಿನ ಉರಿಯನ್ನು ತಗ್ಗಿಸಲು ಯಾರ ಕೈಯಾದರೂ ಆದೀತು. ಎರಡನೆಯದು ಬಿಲ್ಲಿನ ವಿಷಯ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ 'ಗೃಹಜ್ಯೋತಿ' ಯೋಜನೆಯು ಮಿತಿಗೊಳಪಟ್ಟು 200 ಯೂನಿಟ್ಟಿನವರೆಗೆ ಮನೆಗಳಿಗೆ ಉಚಿತವಾಗಿ ವಿದ್ಯುತ್ತನ್ನು ಒದಗಿಸಿತು. ಬಡ ಸಂಸಾರಗಳಿಗೆ ಇದರಿಂದಾದ ನೆಮ್ಮದಿ ದೊಡ್ಡದು. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಕಲ್ಲಿದ್ದಲು ಸೊನ್ನೆಯಾಗುವುದಿಲ್ಲ. ಹಣದ ತಕ್ಕಡಿ ಮರೆಯಾದ ಕಡೆ ವಿವೇಕದ ತಕ್ಕಡಿ ಇನ್ನೂ ಅವಶ್ಯವಾಗುತ್ತದೆ.

ಮೀಟರಿನ ಮಿನುಗು

ಹಾಗಾದರೆ ಶಾಲಾ ಕಾಲೇಜುಗಳಲ್ಲಿ ಮಾಡಬೇಕಾದುದೇನು? ಪ್ರತಿಜ್ಞೆಗೆ ಮುಂಚೆ ಒಂದು ಪ್ರಯೋಗ ನಡೆಯಲಿ ಎಂಬುದು ನನ್ನ ಸೂಚನೆ. ಇದಕ್ಕೆ ಹೊಸ ಉಪಕರಣವೇನೂ ಬೇಕಾಗಿಲ್ಲ. ಇಂದಿನ ವಿದ್ಯುತ್ ಮೀಟರುಗಳಲ್ಲಿ ಸಣ್ಣದೊಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುವುದೆಂಬ ಸಂಖ್ಯೆ ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಅದು 3200 ಎಂದು ಇಟ್ಟುಕೊಳ್ಳೋಣ. ಮನೆಯ ಉಪಕರಣಗಳನ್ನೆಲ್ಲ ಆರಿಸಿ, ಒಂದೊಂದನ್ನೇ ಹಚ್ಚಿ ಮಿನುಗನ್ನು ಎಣಿಸಬೇಕು. 2000 ವಾಟಿನ ಗೀಸರು ಹಚ್ಚಿದರೆ ನಿಮಿಷಕ್ಕೆ 107 ಮಿನುಗು. ಕಣ್ಣು ಹಿಂಬಾಲಿಸುವುದೇ ಕಷ್ಟ. 75 ವಾಟಿನ ಹಳೆಯ ಫ್ಯಾನು ನಿಮಿಷಕ್ಕೆ ನಾಲ್ಕು ಮಿನುಗು. ಈಚೆಗೆ ಬಂದಿರುವ 30 ವಾಟಿನ ಫ್ಯಾನಿಗೆ ಎರಡೂ ಇಲ್ಲ. 9 ವಾಟಿನ ದೀಪ ಎರಡು ನಿಮಿಷಕ್ಕೊಮ್ಮೆ. ಚಾರ್ಜರೊಂದನ್ನೇ ಬಿಟ್ಟು ಕಾಯುತ್ತ ಕುಳಿತ ಹುಡುಗನಾದರೋ ಮುಂದಿನ ಮಿನುಗನ್ನು ಕಾಣಲು ಒಂದೂವರೆ ಗಂಟೆ ತಾಳಬೇಕಾದೀತು. ಮೀಟರು ಅಷ್ಟು ಸಣ್ಣ ಸೆಳೆತವನ್ನು ಗಮನಿಸದೆಯೇ ಇದ್ದರೂ ಆಶ್ಚರ್ಯವಿಲ್ಲ.

ಇಷ್ಟನ್ನು ತನ್ನ ಕಣ್ಣಿನಿಂದಲೇ ಕಂಡ ವಿದ್ಯಾರ್ಥಿಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಬೇರೆಯವರು ಹೇಳಬೇಕಾಗಿಲ್ಲ. ಅವನ ಪಟ್ಟಿಯಲ್ಲಿ 75 ಕಾರ್ಯಗಳಿರಲಾರವು. ನಾಲ್ಕೋ ಐದೋ ಇದ್ದಾವು. ಆದರೆ ಅವು ಭಾರವಾದವು ಆಗಿರುತ್ತವೆ. ಮೇಲಾಗಿ, ಲೆಕ್ಕ ಹಾಕಲು ಕಲಿತವನು ತನ್ನ ಮನೆಯ ಮಟ್ಟಿಗೆ ನಿಲ್ಲುವುದಿಲ್ಲ. ತನ್ನ ಊರಿನ ನೀರಿನ ಯೋಜನೆಯ ಲೆಕ್ಕವನ್ನೂ ಸರ್ಕಾರದ ಘೋಷಣೆಯ ಲೆಕ್ಕವನ್ನೂ ಕಾರ್ಖಾನೆಯ ಜಾಹೀರಾತಿನ ಲೆಕ್ಕವನ್ನೂ ಅದೇ ತಕ್ಕಡಿಯಲ್ಲಿ ಇಟ್ಟು ಕೇಳುತ್ತಾನೆ. ಒಂದು ಪ್ರಜಾರಾಜ್ಯಕ್ಕೆ ಪ್ರತಿಜ್ಞೆ ಮಾಡುವ ಪ್ರಜೆಗಳಿಗಿಂತ ಲೆಕ್ಕ ಕೇಳುವ ಪ್ರಜೆಗಳು ಹೆಚ್ಚು ಉಪಯುಕ್ತರು.

ನಮ್ಮ ಗಾದೆ ಸುಳ್ಳಲ್ಲ. ಅದನ್ನು ಹೇಳಿದ ರೈತನು ಮಳೆಯ ಹನಿಯನ್ನೂ ಮಂಜಿನ ಹನಿಯನ್ನೂ ಬೇರೆ ಬೇರೆಯಾಗಿ ಬಲ್ಲವನಾಗಿದ್ದನು. ಗಟ್ಟಿ ತೆನೆಯನ್ನೂ ಜೊಳ್ಳು ತೆನೆಯನ್ನೂ ಕೈಯಲ್ಲಿ ಹಿಡಿದೇ ಗುರುತಿಸುತ್ತಿದ್ದನು. ಜೊಳ್ಳನ್ನು ಎಷ್ಟು ಕೂಡಿಸಿದರೂ ಬಳ್ಳ ತುಂಬುವುದಿಲ್ಲವೆಂದು ಅವನಿಗೆ ತಿಳಿದಿತ್ತು. ಆ ಅರಿವನ್ನು ನಮ್ಮ ಕಾಲದ ತೆನೆಗಳಿಗೆ ಅನ್ವಯಿಸಿಕೊಳ್ಳುವ ಕೆಲಸ ಈಗ ನಮ್ಮದು.